ನಾಲ್ಕನೆಯವಳೂ ಓಡಿದ್ದಾಳೆ

ನಿನ್ನೆ ಸಂಜೆ ಗೋಪಾಳದ ಬಸ್‌ಸ್ಟಾಪಿನ ಪಕ್ಕದ ಗಾಡಿಯಲ್ಲಿ ನಾಲ್ಕು ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆ. ಎಣ್ಣೆ ಪದಾರ್ಥ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅದನ್ನೇ ಡಾಕ್ಟರಿಗಿಂತ ಗಟ್ಟಿಯಾಗಿ ಹೇಳುವವರು ಮನೆಯಲ್ಲಿದ್ದಾರೆ. ಹಾಗಾಗಿ ರವೀಂದ್ರನಗರ ಸೇರುವ ಮೊದಲೇ ಕೆಲಸ ಮುಗಿಸಬೇಕೆಂದು ದಾರಿಯಲ್ಲೇ ಒಂದು ಬೀದಿದೀಪದ ಕೆಳಗೆ ನಿಂತು ತಿಂದೆ. ಬಜ್ಜಿ ಖಾಲಿಯಾದ ಮೇಲೆ ಕಾಗದವನ್ನು ಎಸೆಯದೆ ಬಿಡಿಸಿ ಓದತೊಡಗಿದೆ. ಇದು ನನ್ನ ಹಳೆಯ ಚಾಳಿ. ಮೂವತ್ತು ಚಿಲ್ಲರೆ ವರ್ಷ ಪತ್ರಿಕೆಯಲ್ಲಿ ದುಡಿದವನಿಗೆ ಪೊಟ್ಟಣದ ಕಾಗದವೂ ತಿದ್ದಲು ಬಂದ ಪ್ರೂಫಿನಂತೆಯೇ ಕಾಣುತ್ತದೆ.

ಅದು ವರ್ಷದ ಕೊನೆಯ ವಾರದಲ್ಲಿ ಎಲ್ಲ ಪತ್ರಿಕೆಗಳೂ ಹಾಕುವ ಪುಟ. ಜಗತ್ತಿನಲ್ಲಿ ಆ ವರ್ಷ ಯಾರು ಯಾವ ಆಟ ಗೆದ್ದರು, ಯಾರು ನಿವೃತ್ತರಾದರು, ಯಾವ ದಾಖಲೆ ಮುರಿಯಿತು ಎಂಬ ಪಟ್ಟಿ. ಬಣ್ಣದ ಚಿತ್ರಗಳು ಎಣ್ಣೆ ಕುಡಿದು, ಒಬ್ಬ ಫುಟ್‌ಬಾಲ್ ಆಟಗಾರನ ಮುಖದೊಳಗಿಂದ ಹಿಂದಿನ ಪುಟದ ಸೀರೆ ಜಾಹೀರಾತು ಇಣುಕುತ್ತಿತ್ತು. ನಾನು ಓಟದ ಫಲಿತಾಂಶಗಳ ಮೇಲೆ ಬೆರಳಿಟ್ಟು ಹುಡುಕಿದೆ. ಮೊದಲನೆಯವರಿದ್ದರು, ಎರಡನೆಯವರಿದ್ದರು, ಮೂರನೆಯವರಿದ್ದರು. ಅಲ್ಲಿಗೆ ನಿಂತಿತ್ತು. ನನ್ನ ಕಣ್ಣು ಹುಡುಕುತ್ತಿದ್ದದ್ದು ನಾಲ್ಕನೆಯವರನ್ನು. ಯಾರಿಗಾದರೂ ಇಂಥ ಹುಚ್ಚು ಇರುತ್ತದೆಯೇ ಎಂದು ನೀವು ಕೇಳಬಹುದು. ನನಗೂ ಹುಟ್ಟಿನಿಂದ ಇರಲಿಲ್ಲ, ಭದ್ರಾವತಿಯಿಂದ ಬಂದದ್ದು.

ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಕಚೇರಿ ಶಿವಮೊಗ್ಗದ ಕೋಟೆ ಭಾಗದಲ್ಲಿತ್ತು, ಒಂದು ಪಾತ್ರೆ ಅಂಗಡಿಯ ಹಿಂದೆ. ನಾಲ್ಕು ಪುಟದ ದಿನಪತ್ರಿಕೆ. ಮುಂದಿನ ಕೋಣೆಯಲ್ಲಿ ಸುದ್ದಿ ಬರೆಯುತ್ತಿದ್ದೆವು, ಹಿಂದಿನ ಕೋಣೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ಪಕ್ಕದಲ್ಲಿ ತಾಮ್ರದ ಹಂಡೆಗಳಿಗೆ ಸುತ್ತಿಗೆ ಬೀಳುತ್ತಿತ್ತು. ಮಾಲೀಕರೂ ಸಂಪಾದಕರೂ ಒಬ್ಬರೇ, ರುದ್ರಪ್ಪನವರು. ಹಣೆಗೆ ಮೂರು ಗೆರೆ ವಿಭೂತಿ, ಹೆಗಲಿಗೆ ಇಸ್ತ್ರಿ ಮಾಡಿದ ವಲ್ಲಿ, ಬಾಯಲ್ಲಿ ಸದಾ ಒಂದು ಅಡಿಕೆ ಹೋಳು. ಅಡಿಕೆ ಧಾರಣೆ ತಪ್ಪಿದರೆ ಊರು ಮೇಲೆ ಬೀಳುತ್ತದೆ, ಸಾವಿನ ಸುದ್ದಿ ತಪ್ಪಿದರೆ ಸತ್ತವನೇ ಬಂದು ಕೇಳುತ್ತಾನೆ, ಮಿಕ್ಕಿದ್ದು ತಪ್ಪಿದರೆ ನೋಡಿಕೊಳ್ಳೋಣ ಎಂಬುದು ಅವರ ನೀತಿ. ಕ್ರೀಡೆ ಆ ಮಿಕ್ಕಿದ್ದರಲ್ಲಿ ಸೇರಿತ್ತು. ಕೊನೆಯ ಪುಟದ ಕೆಳಗಿನ ಅರ್ಧ, ಅದು ನನ್ನ ಪಾಲು.

ಜಗತ್ತಿನ ಕ್ರೀಡೆ ನಮ್ಮ ಕಚೇರಿಗೆ ರೇಡಿಯೋ ಮೂಲಕ ಬರುತ್ತಿತ್ತು. ಹಂಡೆಯ ಸದ್ದಿನ ನಡುವೆ ಕೇಳಿಸಿದಷ್ಟು ಕೇಳಿಸಿಕೊಂಡು, ಕೇಳಿಸದ ಕಡೆ ನನ್ನ ಊಹೆ ಸೇರಿಸಿ ಬರೆಯುತ್ತಿದ್ದೆ. ಟೆನ್ನಿಸ್ ಅಂಗಣವನ್ನು ಕಣ್ಣಿಂದ ಕಂಡವನಲ್ಲ. ಆದರೂ ವಿದೇಶದ ಫೈನಲ್ ಬಗ್ಗೆ ಬರೆಯುವಾಗ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ನೋಡಿ ಬಂದವನಂತೆ ಬರೆಯುತ್ತಿದ್ದೆ. 'ಪ್ರೇಕ್ಷಕರು ಉಸಿರು ಬಿಗಿಹಿಡಿದರು' ಎನ್ನುವ ಮಾತನ್ನು ವಾರಕ್ಕೆ ಎರಡು ಸಲವಾದರೂ ಬಳಸುತ್ತಿದ್ದೆ. ಓದುವವರಾರೂ ಇಲ್ಲವೆಂಬ ಧೈರ್ಯ.

ಓದುವವರು ಒಬ್ಬರಿದ್ದರು. ಭದ್ರಾವತಿಯ ನ್ಯೂಟೌನಿನಿಂದ ವಾರಕ್ಕೊಂದು ಕಾರ್ಡು ಬರತೊಡಗಿತು. ಮುತ್ತು ಪೋಣಿಸಿದಂಥ ಅಕ್ಷರ. ಕೆಳಗೆ 'ಎನ್.ಎಸ್.' ಎಂದಷ್ಟೇ ಸಹಿ, ಮೂಲೆಯಲ್ಲಿ ಕ್ವಾರ್ಟರ್ಸ್ ನಂಬರು. ಹಾಕಿಯಲ್ಲಿ ಸೋತವರನ್ನು ಗೆಲ್ಲಿಸಿದ್ದೀರಿ ಎಂದು ಒಂದು ವಾರ. ಇಬ್ಬರು ಚದುರಂಗದವರ ಪಂದ್ಯ ಮುಗಿಯಿತೆಂದು ಬರೆದಿದ್ದೀರಿ, ಅದು ಇನ್ನೂ ನಡೆಯುತ್ತಲೇ ಇದೆ ಎಂದು ಇನ್ನೊಂದು ವಾರ. ತಿಂಗಳುಗಟ್ಟಲೆ ಕೂತು ಆಡುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು? ಬೇಸರ ಬಂದು ನಾನೇ ಮುಗಿಸಿಬಿಟ್ಟಿದ್ದೆ. ಕಾರ್ಡು ಬರೆಯುವವರು ಯಾರೋ ನಿವೃತ್ತ ಡ್ರಿಲ್ ಮಾಸ್ತರರಿರಬೇಕೆಂದು ನಾನೂ ಮೊಳೆ ಜೋಡಿಸುವವರೂ ತೀರ್ಮಾನಿಸಿ, ಅವರಿಗೊಂದು ಬಿಳಿ ಮೀಸೆಯನ್ನೂ ಸಿಟ್ಟಿನ ಮುಖವನ್ನೂ ಕಲ್ಪಿಸಿಕೊಂಡಿದ್ದೆವು.

ಅದು ಒಲಿಂಪಿಕ್ಸ್ ನಡೆದ ವರ್ಷ. ಪೂರ್ವದ ಕೆಲವು ದೇಶಗಳು ಮುನಿಸಿಕೊಂಡು ಅತ್ತ ತಲೆ ಹಾಕದ ವರ್ಷ. ಡಿಸೆಂಬರಿನಲ್ಲಿ ನಾನು ಬಹಳ ಹುಮ್ಮಸ್ಸಿನಿಂದ ವರ್ಷದ ಕ್ರೀಡೆಯ ಪುಟ ಕಟ್ಟಿದೆ. ರುದ್ರಪ್ಪನವರನ್ನು ಕಾಡಿ ಬೇಡಿ ಇಡೀ ಪುಟವನ್ನೇ ಪಡೆದಿದ್ದೆ. ನಾಲ್ಕನೇ ದಿನಕ್ಕೆ ಕಾರ್ಡು ಬಂತು.

'ವರ್ಷದ ಪುಟ ನೋಡಿದೆ. ಒಲಿಂಪಿಕ್ಸಿನಲ್ಲಿ ಈ ಸಲ ಹೆಂಗಸರು ಮೊದಲ ಬಾರಿಗೆ ಮ್ಯಾರಥಾನ್ ಓಡಿದರು. ನಿಮ್ಮ ಪುಟದಲ್ಲಿ ಅವರು ಓಡಿಲ್ಲ. ಅಡೆತಡೆ ಓಟದಲ್ಲಿ ನಮ್ಮ ದೇಶದ ಹುಡುಗಿ ಕೂದಲೆಳೆಯಷ್ಟರಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಳು. ಅವಳ ಹೆಸರೂ ಇಲ್ಲ. ನಾಲ್ಕನೆಯವಳೂ ಓಡಿದ್ದಾಳೆ ಸ್ವಾಮಿ.'

ಪದಕ ಬರದವರನ್ನು ಪದಕದ ಪಟ್ಟಿಯಲ್ಲಿ ಎಲ್ಲಿ ಸೇರಿಸಲಿ ಎಂದು ನಾನು ಗೊಣಗಿದೆ. ರುದ್ರಪ್ಪನವರು ಕಾರ್ಡನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

"ಭದ್ರಾವತಿಗೆ ಹೋಗಿ ಇವರನ್ನ ನೋಡ್ಕೊಂಡು ಬಾ ಮಾರಾಯ. ನಮ್ಮ ಪೇಪರನ್ನ ಇಷ್ಟು ಓದೋರು ಇನ್ನೆಷ್ಟು ಜನ ಸಿಗ್ತಾರೆ?"

ಮುಂದಿನ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಆಗಿನ ಭದ್ರಾವತಿಯನ್ನು ಕಣ್ಣು ಮುಚ್ಚಿಕೊಂಡೇ ಗುರುತು ಹಿಡಿಯಬಹುದಿತ್ತು. ಕಾಗದದ ಕಾರ್ಖಾನೆಯ ಬೆಂದ ಬಿದಿರಿನ ವಾಸನೆ ಊರಿಗಿಂತ ಮೊದಲೇ ಕಿಟಕಿಯೊಳಗೆ ಬರುತ್ತಿತ್ತು. ನ್ಯೂಟೌನಿನ ಸಾಲುಮನೆಗಳ ನಡುವೆ ನಲ್ಲಿಯ ಹತ್ತಿರ ನಿಂತರೆ ಒಂದೇ ಕೊಡ ತುಂಬುವಷ್ಟರಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತಿದ್ದವು. ನಂಬರು ಹುಡುಕಿ ಹೋದಾಗ ಜಗಲಿಯ ಮೇಲೆ ಇಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬರು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಪಕ್ಕದಲ್ಲಿ ದೊಡ್ಡ ರೇಡಿಯೋ. ಪತ್ರಿಕೆಯಿಂದ ಬಂದವನೆಂದು ಹೆಸರು ಹೇಳಿ, ಎನ್.ಎಸ್. ಅವರು ಮನೆಯಲ್ಲಿದ್ದಾರಾ ಎಂದು ಕೇಳಿದೆ.

"ನಾನೇ ಎನ್.ಎಸ್.," ಎಂದು ಅವರು ಮೊರ ಬದಿಗಿಟ್ಟು ಎದ್ದರು.

ನಾನು ಕಲ್ಪಿಸಿಕೊಂಡಿದ್ದ ಬಿಳಿ ಮೀಸೆ ಅಲ್ಲೇ ಉದುರಿತು. ಅವರ ಹೆಸರು ಶಾಂತಾ. ಪ್ರೈಮರಿ ಶಾಲೆಯಲ್ಲಿ ಲೆಕ್ಕ ಕಲಿಸುವ ಟೀಚರು. ತಾಯಿ ಇಲ್ಲದ ಮನೆ, ತಂದೆ ಮಗಳು ಇಬ್ಬರೇ. ತಂದೆ ನಂಜುಂಡಪ್ಪನವರು ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿದ್ದರು, ನಿವೃತ್ತಿಗೆ ಇನ್ನು ಎರಡು ವರ್ಷ. ಫೌಂಡ್ರಿಯ ಸದ್ದಿನಲ್ಲಿ ಕಿವಿ ಮಂದವಾಗಿದ್ದರಿಂದ ಅವರು ಮಾತಾಡಿದರೆ ಇಡೀ ಸಾಲಿಗೆ ಕೇಳಿಸುತ್ತಿತ್ತು. ಅಂದು ರಜೆಯಾದ್ದರಿಂದ ಒಳಗೆ ಹಲಗೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೆ.

ಶಾಂತಾ ತಮ್ಮ ನೋಟ್‌ಪುಸ್ತಕಗಳನ್ನು ತಂದು ತೋರಿಸಿದರು. ಬೆಳಿಗ್ಗೆ ಐದೂವರೆಗೆ ಎದ್ದು ವಿದೇಶದ ಸ್ಟೇಷನ್ನುಗಳನ್ನು ಹಿಡಿದು, ಜಗತ್ತಿನ ಯಾವ ಮೂಲೆಯಲ್ಲಿ ಯಾರು ಓಡಿದರು, ಏನು ಎಸೆದರು, ಎಷ್ಟು ಎತ್ತರ ಹಾರಿದರು ಎಂದು ಬರೆದಿಟ್ಟದ್ದು. ಹೆಸರು ಸರಿಯಾಗಿ ಕೇಳದಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಇನ್ನೊಂದು ಸ್ಟೇಷನ್ನಿನಲ್ಲಿ ಕೇಳಿ ಖಾತ್ರಿಯಾದ ಮೇಲೆ ಅದನ್ನು ಹೊಡೆದು ಹಾಕಿದ ಗುರುತು. ನನ್ನ ಜೀವಮಾನದಲ್ಲಿ ನಾನು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿರಲಿಲ್ಲ. ಇಷ್ಟೊಂದು ಆಸಕ್ತಿ ಹೇಗೆ ಬಂತೆಂದು ಕೇಳಿದೆ. ಅವರು ಗೋಡೆಯ ಕಡೆ ನೋಡಿದರು. ಅಲ್ಲಿ ದೇವರ ಪಟಗಳ ಸಾಲಿನಲ್ಲಿ ಕಟ್ಟು ಹಾಕಿಸಿದ ಒಂದು ಪ್ರಶಸ್ತಿ ಪತ್ರವಿತ್ತು. ಎಂಟುನೂರು ಮೀಟರ್ ಓಟ, ಪ್ರಥಮ.

ಕಾಫಿ ಸೋಸುತ್ತ, ನಡುನಡುವೆ ನಗುತ್ತ, ಇನ್ಯಾರದೋ ಕಥೆ ಹೇಳಿದಂತೆ ಅವರು ಹೇಳಿದರು. ಏಳು ವರ್ಷದ ಹಿಂದೆ ಮೈಸೂರಿನಲ್ಲಿ ಕಿರಿಯರ ಕ್ರೀಡಾಕೂಟವಾಗಿತ್ತು. ಅದರಲ್ಲಿ ಮೊದಲು ಬಂದವರನ್ನು ದೊಡ್ಡ ತರಬೇತಿ ಶಿಬಿರಕ್ಕೆ ಕರೆಯುತ್ತಿದ್ದರು, ಅಲ್ಲಿಂದ ಆರಿಸಿ ಹೊರದೇಶದ ಕೂಟಕ್ಕೆ ಕಳಿಸುವವರಿದ್ದರು. ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಲು ತಂದೆಗೆ ಮನಸ್ಸಿರಲಿಲ್ಲ. ಮೊದಲು ಬಂದರೆ ಮಾತ್ರ ಫಾರಮಿಗೆ ಸಹಿ ಹಾಕುತ್ತೇನೆ ಎಂದಿದ್ದರು. ಶಾಂತಾ ಮೊದಲನೆಯವರಾಗಿಯೇ ಬಂದರು. ಸಂಘಟಕರು ಮೊದಲ ಮೂವರಿಗೂ ಒಂದೇ ಅಳತೆಯ ಸ್ಟೀಲ್ ತಟ್ಟೆ ಕೊಟ್ಟು, ಪ್ರಶಸ್ತಿ ಪತ್ರ ಅಂಚೆಯಲ್ಲಿ ಬರುತ್ತದೆ ಎಂದು ಕಳಿಸಿದರು. ಜೊತೆಗೆ ಬಂದಿದ್ದ ಟೀಚರು ರಜೆಗೆಂದು ಅಲ್ಲಿಂದಲೇ ತಮ್ಮ ಊರಿಗೆ ಹೋದರು. ಭಾನುವಾರ ಮನೆಗೆ ಬಂದು ತಂದೆಗೆ ಸುದ್ದಿ ಹೇಳಿದಾಗ ಅವರು ಆ ತಟ್ಟೆಯಲ್ಲೇ ಊಟ ಮಾಡಿದರಂತೆ. ಸೋಮವಾರ ಮೊದಲ ಶಿಫ್ಟಿಗೆ ಹೋಗಿ ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿದರು. ಯಾರೋ ಅಂದಿನ ಪೇಪರು ಬಿಡಿಸಿದರು. ಅದರಲ್ಲಿ ಹೀಗಿತ್ತು: ಕಾಂತಾ ಪ್ರಥಮ, ಶಾಂತಾ ತೃತೀಯ.

"ಅಪ್ಪ ಮಧ್ಯಾಹ್ನ ಬಂದು, ಸುಳ್ಳು ಯಾಕೆ ಹೇಳಿದೆ ಅಂತ ಒಂದೇ ಮಾತು ಕೇಳಿದ್ರು. ನಾನು ಎಷ್ಟು ಹೇಳಿದ್ರೂ, ಅಚ್ಚಾಗಿರೋದು ಸುಳ್ಳಾಗುತ್ತಾ ಅಂದ್ರು. ಪತ್ರ ಬರೋ ಹೊತ್ತಿಗೆ ಮೂರು ವಾರ ಆಗಿತ್ತು. ಶಿಬಿರ ಶುರುವಾಗಿತ್ತು. ಪತ್ರ ನೋಡಿ ಅಪ್ಪ ಏನೂ ಅನ್ನಲಿಲ್ಲ. ಮಾರನೇ ದಿನ ಕಟ್ಟು ಹಾಕಿಸ್ಕೊಂಡು ಬಂದ್ರು."

ಅದು ನಮ್ಮದೇ ಪತ್ರಿಕೆ. ನಾನು ಕೆಲಸಕ್ಕೆ ಸೇರಿದ ಮೊದಲನೆಯ ವಾರ. ಅವರು ಹೇಳುತ್ತಿದ್ದಂತೆ ಆ ಸಂಜೆ ನನ್ನ ಕಣ್ಣ ಮುಂದೆ ಬಂತು. ಮೈಸೂರಿನ ಟ್ರಂಕ್ ಕಾಲು, ಲೈನಿನಲ್ಲಿ ಗರಗರ ಸದ್ದು, ಪಕ್ಕದಲ್ಲಿ ಹಂಡೆಯ ಸುತ್ತಿಗೆ. ಕಾಂತಾನೋ ಶಾಂತಾನೋ ಎಂದು ಒಂದು ಸಲ ಕೇಳಿದ್ದೆ. ಉತ್ತರವೂ ಸರಿಯಾಗಿ ಕೇಳಿಸಲಿಲ್ಲ. ಎದುರಿಗೆ ರುದ್ರಪ್ಪನವರು ಕೂತಿದ್ದರು. ಹೊಸ ಹುಡುಗನಿಗೆ ಕಿವಿ ಕೇಳುವುದಿಲ್ಲ ಎಂದುಕೊಂಡಾರೆಂಬ ನಾಚಿಕೆಯಲ್ಲಿ, ಸರಿ ಸರಿ ಎಂದು ಬರೆದುಕೊಂಡು ಫೋನು ಇಟ್ಟಿದ್ದೆ.

ಕಾಫಿ ಲೋಟ ಕೈಯಲ್ಲೇ ಆರುತ್ತಿತ್ತು. ಆಗ ಹಲಗೆಯ ಮೇಲಿದ್ದ ನಂಜುಂಡಪ್ಪನವರು ನನ್ನ ಕಡೆ ತಿರುಗಿದರು.

"ಅವತ್ತು ಅದನ್ನ ಬರೆದೋರು ಯಾರು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ," ಎಂದೆ.

ಯಾಕೆ ಹಾಗೆಂದೆ ಎಂದು ನಲವತ್ತು ವರ್ಷ ಯೋಚಿಸಿದ್ದೇನೆ. ಹೇಳಿಕೊಳ್ಳುವಂಥ ಕಾರಣ ಏನೂ ಸಿಕ್ಕಿಲ್ಲ. ಹೆದರಿಕೆ, ಅಷ್ಟೆ. ಕೊಟ್ಟ ಕೋಡುಬಳೆಯನ್ನು ಪೂರ್ತಿ ತಿಂದು, ಬಾಗಿಲವರೆಗೂ ಬಂದ ಶಾಂತಾ ಅವರಿಗೆ ಕೈ ಮುಗಿದು, ಬಸ್‌ಸ್ಟ್ಯಾಂಡಿಗೆ ಬಂದೆ. ಶಿವಮೊಗ್ಗದ ಬಸ್ಸು ಬಂತು, ಹೋಯಿತು. ಎರಡನೆಯದೂ ಹೋಯಿತು. ವಾಪಸ್ಸು ಹೋಗಿ ಹೇಳಿಬಿಡೋಣ ಎಂದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಮೂರನೆಯ ಬಸ್ಸು ಹತ್ತಿದೆ.

ಸೋಮವಾರ ರುದ್ರಪ್ಪನವರ ಮುಂದೆ ನಿಂತು, ತಿದ್ದುಪಡಿ ಹಾಕಬೇಕು ಎಂದೆ. ಏಳು ವರ್ಷದ ಹಿಂದಿನ ಓಟಕ್ಕೆ ಈಗ ತಿದ್ದುಪಡಿಯೇ ಎಂದು ಅವರು ನಕ್ಕರು. ನಾನು ಎಲ್ಲವನ್ನೂ ಹೇಳಿದೆ. ಅವರು ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಯಾರ ತಪ್ಪೆಂದು ಹಾಕುತ್ತೀಯ ಎಂದು ಕೇಳಿದರು. ನನ್ನ ಹೆಸರನ್ನೇ ಹಾಕುತ್ತೇನೆ ಎಂದೆ.

"ಹಾಕು. ಅವತ್ತು ಪ್ರೂಫ್ ನೋಡಿದೋನು ನಾನು. ನನ್ನ ಹೆಸರೂ ಹಾಕು," ಎಂದು ಅವರು ಮತ್ತೆ ಅಡಿಕೆಯ ಡಬ್ಬಿ ತೆಗೆದರು.

ಐದು ಸಾಲಿನ ತಿದ್ದುಪಡಿ ಬುಧವಾರ ಅಚ್ಚಾಯಿತು. ಅದರ ಕೆಳಗೇ, ಹೆಂಗಸರ ಮ್ಯಾರಥಾನ್ ಮತ್ತು ನಾಲ್ಕನೆಯವಳಾದ ನಮ್ಮ ಓಟಗಾರ್ತಿಯ ಸುದ್ದಿ. ಗುರುವಾರ ಕಾರ್ಡು ಬರಲಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶಾಂತಾ ಅವರೇ ಬಂದರು. ಹಂಡೆಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ. ಅಪ್ಪ ಪೇಪರನ್ನು ಕ್ಯಾಂಟೀನಿಗೆ ತೆಗೆದುಕೊಂಡು ಹೋಗಿ, ಬೆಂಚಿನ ಪಕ್ಕ ನಿಂತು ಎಲ್ಲರಿಗೂ ಓದಿ ಹೇಳಿದರೆಂದು ತಿಳಿಸಿದರು. ನನಗೆ ಸಮಾಧಾನವಾಗಿ ಏನೋ ಹೇಳಲು ಹೋದೆ.

"ಪೇಪರಿನ ತಪ್ಪು ತಿದ್ದಿದ್ರಿ ಸಾರ್, ಅದು ಆಯ್ತು," ಎಂದು ಅವರು ತಡೆದರು. "ನಮ್ಮ ಮನೇಲಿ ಕೂತು, ನಮ್ಮ ಕಾಫಿ ಕುಡಿದು, ಅಪ್ಪ ಕೇಳಿದಾಗ ಗೊತ್ತಿಲ್ಲ ಅಂದ್ರಲ್ಲ. ಅದನ್ನ ಯಾವ ಪುಟದಲ್ಲಿ ತಿದ್ತೀರಿ?"

ಮೊಳೆ ಜೋಡಿಸುವವರ ಕೈ ನಿಂತಿತು. ರುದ್ರಪ್ಪನವರು ಗೋಡೆಯ ಗೂಟದಿಂದ ನನ್ನ ಚೀಲ ತೆಗೆದು ನನ್ನ ಕೈಗೆ ಕೊಟ್ಟರು. ಭದ್ರಾವತಿಯವರೆಗೆ ಬಸ್ಸಿನಲ್ಲಿ ಶಾಂತಾ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ.

ನಂಜುಂಡಪ್ಪನವರು ಶಿಫ್ಟು ಮುಗಿಸಿ ಬಂದು ಕೈಕಾಲು ತೊಳೆದು ಕೂತಿದ್ದರು. ಅವರ ಎದುರು ನಿಂತು, ಕಿವಿಗೆ ಬೀಳಲೆಂದು ಗಟ್ಟಿಯಾಗಿಯೇ ಹೇಳಿದೆ. ತಪ್ಪು ಬರೆದವನು ನಾನು. ನೀವು ಕೇಳಿದಾಗ ಗೊತ್ತಿಲ್ಲವೆಂದು ಸುಳ್ಳು ಹೇಳಿದವನೂ ನಾನೇ. ನನ್ನಿಂದ ನಿಮ್ಮ ಮಗಳ ದಾರಿ ತಪ್ಪಿಹೋಯಿತು.

ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ತಮ್ಮ ಅಂಗೈ ನೋಡಿಕೊಂಡರು. ಫೌಂಡ್ರಿಯ ಸುಟ್ಟ ಗುರುತುಗಳಿದ್ದ ಕೈ.

"ಬುಧವಾರದ ಪೇಪರ್ ನೋಡಿದಾಗಲೇ ನಿಮ್ಮ ಹೆಸರು ಗೊತ್ತಾಯ್ತು," ಎಂದರು. "ನೀವು ಫೋನಲ್ಲಿ ತಪ್ಪು ಕೇಳಿಸ್ಕೊಂಡ್ರಿ ಸ್ವಾಮಿ. ಲೈನ್ ಸರಿ ಇರಲಿಲ್ಲ. ನಾನು ಎದುರಿಗೆ ನಿಂತಿದ್ದ ಮಗಳ ಮಾತು ಕೇಳಿಸ್ಕೊಳ್ಳಲಿಲ್ಲ. ಆಗ ನನ್ನ ಕಿವಿ ಚೆನ್ನಾಗೇ ಇತ್ತು."

ಅದನ್ನು ಅವರು ತಮ್ಮ ಎಂದಿನ ದೊಡ್ಡ ದನಿಯಲ್ಲೇ ಹೇಳಿದರು. ಪಕ್ಕದ ಮನೆಯಲ್ಲಿ ಒರಳಿನ ಸದ್ದು ನಿಂತಿತು. ಶಾಂತಾ ಅಡುಗೆ ಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ಲೋಟವನ್ನು ಹೊಸ್ತಿಲ ಮೇಲೆ ಇಟ್ಟು ಹಿತ್ತಲಿಗೆ ಹೋದರು. ಬಚ್ಚಲಲ್ಲಿ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಏಳು ವರ್ಷ ಶಾಂತಾ ಕಾಯುತ್ತಿದ್ದದ್ದು ನಮ್ಮ ಪತ್ರಿಕೆಯ ಐದು ಸಾಲಿಗೆ ಆಗಿರಲಿಲ್ಲ ಎಂದು ಆಗ ನನಗೆ ತಿಳಿಯಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ರುದ್ರಪ್ಪನವರು ಭಾನುವಾರದ ಅರ್ಧ ಕಾಲಮನ್ನು ಶಾಂತಾ ಅವರಿಗೆ ಬಿಟ್ಟುಕೊಟ್ಟರು. ಎರಡು ವರ್ಷದಲ್ಲಿ ಅದು ಪೂರ್ತಿ ಕಾಲಮ್ಮಾಯಿತು. ವರ್ಷದ ಕೊನೆಯ ಪುಟವಂತೂ ಪತ್ರಿಕೆ ನಿಲ್ಲುವವರೆಗೂ ಅವರದೇ. ಅದರಲ್ಲಿ ಪ್ರತಿ ಓಟಕ್ಕೂ ನಾಲ್ಕು ಹೆಸರಿರುತ್ತಿದ್ದವು. ಜಾಗ ಸಾಲದೆಂದು ನಾನು ಗೊಣಗಿದರೆ, ನಿಮ್ಮ ಪ್ರೇಕ್ಷಕರು ಉಸಿರು ಬಿಗಿಹಿಡಿಯುವುದನ್ನು ತೆಗೆದರೆ ಜಾಗ ಬೇಕಾದಷ್ಟಾಗುತ್ತದೆ ಎನ್ನುತ್ತಿದ್ದರು. ಶಾಲೆ ಮುಗಿದ ಮೇಲೆ ಸಂಜೆ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಓಡಿಸತೊಡಗಿದರು. ನಿವೃತ್ತರಾದ ನಂಜುಂಡಪ್ಪನವರು ಕೊಡೆ ಬಿಡಿಸಿಕೊಂಡು, ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡು, ಕೊನೆಯವರೆಗೂ ಮಗಳ ಜೊತೆ ಅಲ್ಲಿ ನಿಂತರು. ಆ ಹುಡುಗಿಯರಲ್ಲಿ ಹೊರದೇಶಕ್ಕೆ ಹೋದವರು ಯಾರೂ ಇಲ್ಲ. ರಾಜ್ಯಮಟ್ಟಕ್ಕೆ ಹೋದವರು ಕೆಲವರಿದ್ದಾರೆ. ಮಿಕ್ಕವರು ಚೆನ್ನಾಗಿ ಓಡುತ್ತಿದ್ದರು, ಅಷ್ಟೆ, ಎಂದು ಅವರೇ ಹೇಳುತ್ತಾರೆ.

ಶಾಂತಾ ಟೀಚರು ಈಗ ಭದ್ರಾವತಿಯ ಜನ್ನಾಪುರದಲ್ಲಿದ್ದಾರೆ. ಕಳೆದ ವಾರ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಓದಬಾರದು ಬರೆಯಬಾರದು ಎಂಬ ಶಿಕ್ಷೆಯಲ್ಲಿದ್ದಾರೆಂದು ನನಗೆ ಗೊತ್ತಿತ್ತು. ನಾಳೆ ನಾಡಿದ್ದು ಎಂದು ಹೋಗುವುದನ್ನು ಮುಂದೂಡುತ್ತಿದ್ದೆ. ಬಜ್ಜಿಯ ಕಾಗದ ಓದಿದ ಮೇಲೆ ಮುಂದೂಡಲು ಮನಸ್ಸಾಗಲಿಲ್ಲ. ಇವತ್ತು ಮಧ್ಯಾಹ್ನದ ಬಸ್ಸಿಗೆ ಹೋದೆ. ಕಾಗದದ ಕಾರ್ಖಾನೆ ಮುಚ್ಚಿ, ಊರಿಗಿಂತ ಮೊದಲು ಬರುತ್ತಿದ್ದ ವಾಸನೆ ಈಗ ಇಲ್ಲ. ಇಳಿಯುವ ಜಾಗವನ್ನು ಕಂಡಕ್ಟರು ಹೇಳಬೇಕಾಯಿತು.

ಅವರು ಮನೆಯಲ್ಲಿರಲಿಲ್ಲ. ಮೈದಾನದಲ್ಲಿದ್ದರು. ಕಲ್ಲುಬೆಂಚಿನ ಮೇಲೆ ಕೂತು, ಹೆಜ್ಜೆಯ ಸದ್ದಿನಿಂದಲೇ ಯಾರು ಕಾಲೆಳೆಯುತ್ತಿದ್ದಾರೆಂದು ಹೇಳಿ ಗದರುತ್ತಿದ್ದರು. ಐದು ಹುಡುಗಿಯರು ಓಡುತ್ತಿದ್ದರು. ನನ್ನ ದನಿ ಕೇಳಿದ್ದೇ ಕುಶಲ ಕೂಡ ವಿಚಾರಿಸದೆ, "ಸಾರ್, ಒಳ್ಳೆ ಹೊತ್ತಿಗೆ ಬಂದ್ರಿ. ಆ ಸುಣ್ಣದ ಗೆರೆ ಹತ್ರ ನಿಂತು ಯಾರು ಮೊದಲು ಅಂತ ನೋಡಿ. ನನಗೆ ಕಾಣಲ್ಲ," ಎಂದರು.

ನಿಂತೆ. ಕೊನೆಯ ಸುತ್ತಿಗೆ ಮೂವರು ಹಿಂದೆ ಬಿದ್ದರು. ಇಬ್ಬರು ಭುಜಕ್ಕೆ ಭುಜ ಕೊಟ್ಟು ಬಂದು ನನ್ನ ಮುಂದೆ ಗೆರೆ ದಾಟಿದರು. ಮಿಕ್ಕವರೂ ಬಂದು ಸೇರಿದರು. ಎಲ್ಲರೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಏದುಸಿರು ಬಿಡುತ್ತ ನನ್ನ ಬಾಯಿ ನೋಡುತ್ತಿದ್ದರು. ಕೆಂಪು ಟೇಪಿನ ಜಡೆಯ ಹುಡುಗಿಯಿರಬಹುದು ಎಂದು ಮನಸ್ಸು ಹೇಳಿತು. ಬೆಂಚಿನ ಮೇಲೆ ಶಾಂತಾ ಟೀಚರು ಕಪ್ಪು ಕನ್ನಡಕದ ಮುಖವನ್ನು ನನ್ನ ಕಡೆ ತಿರುಗಿಸಿ ಕಾಯುತ್ತಿದ್ದರು.

"ನನಗೆ ಸರಿಯಾಗಿ ಗೊತ್ತಾಗಲಿಲ್ಲ ಕಣಮ್ಮಾ," ಎಂದೆ. "ಸ್ವಲ್ಪ ಸುಧಾರಿಸ್ಕೊಂಡು, ಇನ್ನೊಂದು ಸಲ ಓಡ್ತೀರಾ?"

ಹುಡುಗಿಯರು ಗೊಣಗಿದರು. ಒಬ್ಬಳು, ಈ ತಾತನಿಗೆ ಕಣ್ಣೇ ಕಾಣಿಸಲ್ಲ ಎಂದು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ನೀರು ಕುಡಿದು, ಜಡೆ ಬಿಗಿದುಕೊಂಡು, ಐವರೂ ಮೈದಾನದ ಆ ತುದಿಗೆ ನಡೆದರು. ನಾನು ಕನ್ನಡಕವನ್ನು ಅಂಗಿಯ ತುದಿಯಲ್ಲಿ ಚೆನ್ನಾಗಿ ಒರೆಸಿ ಹಾಕಿಕೊಂಡೆ. ಮಂಡಿ ಒಪ್ಪದಿದ್ದರೂ ಗೆರೆಯ ಪಕ್ಕದಲ್ಲಿ, ಅದರ ನೇರಕ್ಕೆ ಕಣ್ಣಿಟ್ಟು, ಕುಕ್ಕರಗಾಲಿನಲ್ಲಿ ಕೂತೆ.